‘ಟು ಕಿಲ್ ಎ ಮಾಕಿಂಗ್‌ಬರ್ಡ್’: ಟಾಮ್ ರಾಬಿನ್‌ಸನ್ ನಮಗೆ ಇಷ್ಟು ಕಡಿಮೆ ಕಾಣುವುದೇಕೆ?

ಪ್ರಶ್ನೆ: ಚಿಂತಾಮಣಿ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಚಿಂತಾಮಣಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಶಿಕ್ಷಕಿ. ಶನಿವಾರದ ಬೆಳಗಿನ ತರಗತಿಗಳು ಮುಗಿದ ಮೇಲೆ, ಉಳಿಯಲು ಒಪ್ಪುವ ಒಂಬತ್ತು ಮತ್ತು ಹತ್ತನೆಯ ತರಗತಿಯ ಮಕ್ಕಳನ್ನು ಕೂರಿಸಿಕೊಂಡು ಹಾರ್ಪರ್ ಲೀ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಕಾದಂಬರಿಯನ್ನು ಓದುತ್ತಿದ್ದೇವೆ. ಮೊದಲು ಇಂಗ್ಲಿಷಿನಲ್ಲಿ ಓದುತ್ತೇವೆ, ನಂತರ ಅದನ್ನೇ ನಾನು ಕನ್ನಡದಲ್ಲಿ ಕಥೆಯಾಗಿ ಹೇಳುತ್ತೇನೆ, ಆಮೇಲೆ ಮಾತುಕತೆ ನಡೆಯುತ್ತದೆ.

ಓದದೆ ಇರುವವರಿಗಾಗಿ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. 1960ರಲ್ಲಿ ಪ್ರಕಟವಾಗಿ ಮರುವರ್ಷವೇ ಪುಲಿಟ್ಜರ್ ಪ್ರಶಸ್ತಿ ಪಡೆದ ಈ ಕಾದಂಬರಿಯ ಕಥೆ ನಡೆಯುವುದು 1930ರ ದಶಕದ ಅಮೆರಿಕದಲ್ಲಿ, ಅಲಬಾಮಾ ರಾಜ್ಯದ ಮೇಕೋಂಬ್ ಎಂಬ ಕಲ್ಪಿತ ಊರಿನಲ್ಲಿ. ತಾಯಿಯಿಲ್ಲದ ಅಣ್ಣ ತಂಗಿ ಜೆಮ್ ಮತ್ತು ಸ್ಕೌಟ್, ಅವರ ತಂದೆ ವಕೀಲ ಆಟಿಕಸ್ ಫಿಂಚ್, ಮನೆಯ ಅಡುಗೆಯ ಜೊತೆಗೆ ಮಕ್ಕಳ ಪಾಲನೆಯನ್ನೂ ನೋಡಿಕೊಳ್ಳುವ ಕಪ್ಪು ಮಹಿಳೆ ಕ್ಯಾಲ್ಪರ್ನಿಯಾ, ಬೇಸಿಗೆ ರಜೆಗೆ ಬರುವ ಗೆಳೆಯ ಡಿಲ್, ಮತ್ತು ಅದೇ ಬೀದಿಯಲ್ಲಿ ವರ್ಷಗಟ್ಟಲೆ ಹೊರಗೆ ಮುಖ ತೋರಿಸದೆ ಬದುಕುತ್ತಿರುವ ಬೂ ರಾಡ್ಲಿ, ಇವರೇ ಮೊದಲ ಭಾಗವನ್ನು ತುಂಬಿಕೊಂಡಿರುವ ಪಾತ್ರಗಳು. ಎರಡನೆಯ ಭಾಗದಲ್ಲಿ, ಮೇಯೆಲ್ಲಾ ಯೂವೆಲ್ ಎಂಬ ಬಿಳಿಯ ಯುವತಿಯ ಮೇಲೆ ಅತ್ಯಾಚಾರವೆಸಗಿದನೆಂಬ ಸುಳ್ಳು ಆರೋಪಕ್ಕೆ ಗುರಿಯಾದ ಟಾಮ್ ರಾಬಿನ್‌ಸನ್ ಎಂಬ ಕಪ್ಪು ಕೃಷಿ ಕೂಲಿಯ ಪರವಾಗಿ ಆಟಿಕಸ್ ವಾದಿಸುತ್ತಾನೆ, ಸಾಕ್ಷ್ಯವೆಲ್ಲ ಟಾಮ್‌ನ ಪರವಾಗಿದ್ದರೂ ಸೋಲುತ್ತಾನೆ.

ನ್ಯಾಯಾಲಯದಲ್ಲಿ ಕಪ್ಪು ಜನರಿಗೆ ಮಹಡಿಯ ಮೇಲೆ ಬೇರೆ ಜಾಗವಿತ್ತೆಂಬುದನ್ನು ನಾನು ವಿವರಿಸುವ ಅಗತ್ಯವೇ ಬೀಳಲಿಲ್ಲ. ಬೇರೆ ಲೋಟ, ಜಗಲಿಯ ಕೆಳಗೆ ನಿಲ್ಲುವುದು, ಇವೆಲ್ಲ ನಮ್ಮ ಮಕ್ಕಳಿಗೆ ಅಜ್ಜ ಅಜ್ಜಿಯರ ಮಾತಿನಿಂದ ಗೊತ್ತಿರುವ ಸಂಗತಿಗಳೇ. ನಾನು ಉತ್ತರಿಸಲಾರದೆ ಹೋದದ್ದು ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆಗೆ: “ಮೇಡಂ, ಬೂ ರಾಡ್ಲಿ ಮರದ ಪೊಟರೆಯಲ್ಲಿ ಏನೇನು ಇಟ್ಟಿದ್ದ ಅಂತ ಪುಸ್ತಕದಲ್ಲಿ ಒಂದೂ ಬಿಡದೆ ಬರೆದಿದ್ದಾರೆ. ಟಾಮ್ ಮನೆಯಲ್ಲಿ ಏನಿತ್ತು?”

ನಿಜ. ಚೂಯಿಂಗ್ ಗಮ್, ಹಳೆಯ ನಾಣ್ಯಗಳು, ದಾರದುಂಡೆ, ಸಾಬೂನಿನಲ್ಲಿ ಕೆತ್ತಿದ ಎರಡು ಗೊಂಬೆಗಳು, ಕೆಟ್ಟು ನಿಂತ ಗಡಿಯಾರ, ಎಲ್ಲವೂ ನಮಗೆ ಗೊತ್ತು. ಟಾಮ್ ಇಪ್ಪತ್ತೈದು ವರ್ಷದವನು, ಹೆಂಡತಿ ಹೆಲೆನ್, ಮೂವರು ಮಕ್ಕಳು, ಎಡಗೈ ಊನ, ಇಷ್ಟರ ಹೊರತಾಗಿ ಅವನ ಬಗ್ಗೆ ಏನು ಗೊತ್ತು? ಅನ್ಯಾಯ ನಡೆದದ್ದು ಅವನಿಗೆ. ಆದರೂ ಇಡೀ ಪುಸ್ತಕದಲ್ಲಿ ಅತಿ ಕಡಿಮೆ ಕಾಣುವವರಲ್ಲಿ ಅವನೂ ಒಬ್ಬ. ಇದನ್ನು ಲೇಖಕಿಯ ಮಿತಿಯೆಂದು ಹೇಳಬೇಕೋ, ಬೇಕೆಂದೇ ಮಾಡಿದ್ದೆಂದು ಹೇಳಬೇಕೋ? ಮಕ್ಕಳಿಗೆ ಏನು ಹೇಳಲಿ?

ಉತ್ತರ 1: ತುಮಕೂರು ಮೇಷ್ಟ್ರು

ಟೀಚರಮ್ಮನವರೇ, ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆ ನನ್ನ ಪದವಿ ತರಗತಿಗಳಲ್ಲಿ ಒಮ್ಮೆಯೂ ಬರಲಿಲ್ಲವೆಂಬುದನ್ನು ಮೊದಲು ಹೇಳಿಬಿಡುತ್ತೇನೆ. ಅಲ್ಲಿ ಬರುತ್ತಿದ್ದದ್ದೆಲ್ಲ ಪರೀಕ್ಷೆಗೆ ಬರುವ ‘ಆಟಿಕಸ್ ಫಿಂಚ್‌ನ ಪಾತ್ರಚಿತ್ರಣ’ ಮಾತ್ರ.

ಕಥೆ ಹೇಳುತ್ತಿರುವವರು ಯಾರು ಎಂಬಲ್ಲಿಂದ ಹೊರಟರೆ ಉತ್ತರದ ಒಂದು ಭಾಗ ಸಿಗುತ್ತದೆ. ಕಥೆ ಆರಂಭವಾದಾಗ ಸ್ಕೌಟ್‌ಗೆ ಇನ್ನೂ ಆರು ತುಂಬಿಲ್ಲ. ಮುಗಿಯುವ ಹೊತ್ತಿಗೆ ಒಂಬತ್ತರ ಹತ್ತಿರ. ದೊಡ್ಡವಳಾದ ಮೇಲೆ ಹಿಂದಿರುಗಿ ನೋಡುತ್ತ ಹೇಳುತ್ತಿದ್ದಾಳೆ ಎಂಬುದು ಸರಿ, ಆದರೆ ಆ ವಯಸ್ಸಿನಲ್ಲಿ ತನ್ನ ಕಣ್ಣಿಗೆ ಬೀಳದ್ದನ್ನು, ಕಿವಿಗೆ ತಾಗದ್ದನ್ನು ಅವಳು ಸೇರಿಸುವುದಿಲ್ಲ. ಬೂ ರಾಡ್ಲಿಯ ಪೊಟರೆ ಅವಳು ಶಾಲೆಗೆ ಹೋಗುವ ದಾರಿಯಲ್ಲಿದೆ. ಟಾಮ್ ಇರುವುದು ಊರಿನ ಕಸದ ಗುಂಡಿಯನ್ನೂ ದಾಟಿದ ಮೇಲೆ ಬರುವ ಕಪ್ಪು ಜನರ ವಸತಿಯಲ್ಲಿ, ಅತ್ತ ಬಿಳಿಯರ ಮಗುವೊಂದಕ್ಕೆ ಹೋಗುವ ಕೆಲಸವೇ ಇಲ್ಲ.

ಹಾಗಾಗಿ ಅವಳಿಗೆ ಟಾಮ್ ಮೊದಲು ಸಿಗುವುದು ಶಾಲೆಯ ಅಂಗಳದ ಮೂದಲಿಕೆಯಾಗಿ, ‘ನಿಮ್ಮಪ್ಪ ಕರಿಯರ ಪರ ವಕಾಲತ್ತು ವಹಿಸುತ್ತಾನೆ’ ಎಂಬ ಸಹಪಾಠಿಯ ಮಾತಿನಲ್ಲಿ. ಅವನ ದನಿ ಮೊದಲ ಬಾರಿಗೆ ಕೇಳುವುದು ಸೆರೆಮನೆಯ ಮುಂದೆ. ಆ ರಾತ್ರಿ ಅವನನ್ನು ಹೊರಗೆಳೆದು ಕೊಲ್ಲಲೆಂದು ಬಂದ ಗುಂಪನ್ನು ಆಟಿಕಸ್ ಎದುರಿಸುತ್ತಿರುವಾಗ ಸ್ಕೌಟ್ ಮಧ್ಯೆ ನುಗ್ಗಿ, ಗುಂಪಿನಲ್ಲಿ ಗುರುತು ಸಿಕ್ಕ ಕನಿಂಗ್‌ಹ್ಯಾಮ್‌ನನ್ನು ‘ನಿಮ್ಮ ಮಗ ವಾಲ್ಟರ್ ನನ್ನ ಕ್ಲಾಸು, ಅವನಿಗೆ ನನ್ನ ನಮಸ್ಕಾರ ಹೇಳಿ’ ಎಂಬ ಧಾಟಿಯಲ್ಲಿ ಮಾತಾಡಿಸುತ್ತಾಳೆ. ಆ ಮುಗ್ಧ ಮಾತಿಗೆ ನಾಚಿಕೆಯಾಗಿ ಗುಂಪು ಚದುರುತ್ತದೆ. ಆಗ ಮೇಲಿನ ಕತ್ತಲಿನಿಂದ ಒಂದು ದನಿ ಮೆಲ್ಲಗೆ ಕೇಳುತ್ತದೆ, ಅವರು ಹೋದರೇ ಎಂದು. ಅಷ್ಟೇ. ಮುಖವಿಲ್ಲ. ಇಡೀ ಪ್ರಸಂಗವನ್ನು ನಾವು ಸ್ಕೌಟ್‌ಳ ಧೈರ್ಯದ ಕಥೆಯೆಂದು ಮೆಚ್ಚಿ ಓದುತ್ತೇವೆ. ಅಷ್ಟೂ ಹೊತ್ತು ಮೇಲೆ ಒಬ್ಬ ಮನುಷ್ಯ ಪ್ರತಿಯೊಂದು ಮಾತನ್ನೂ ಕೇಳಿಸಿಕೊಳ್ಳುತ್ತ ಎದ್ದು ಕೂತಿದ್ದನೆಂಬುದು ಆ ಒಂದು ಸಾಲಿನಿಂದ ಹೊಳೆಯುತ್ತದೆ. ಇದನ್ನು ಮಿತಿಯೆನ್ನುವುದಕ್ಕಿಂತ ಕಸುಬುದಾರಿಕೆ ಎಂದು ನಾನು ಕರೆಯುತ್ತೇನೆ.

ಆದರೆ ಇಷ್ಟಕ್ಕೇ ನಿಂತರೆ ಲೇಖಕಿಗೆ ಅಗ್ಗದ ರಿಯಾಯಿತಿ ಕೊಟ್ಟ ಹಾಗಾಗುತ್ತದೆ. ಮೇಕೋಂಬ್‌ನ ಕಥೆ ಆರಂಭವಾಗುವ 1933ರಲ್ಲಿಯೇ ಶಿವರಾಮ ಕಾರಂತರ ‘ಚೋಮನ ದುಡಿ’ ಪ್ರಕಟವಾಯಿತು. ಕಾರಂತರೂ ಹೊರಗಿನವರೇ. ಆದರೂ ಅವರು ಚೋಮನ ಗುಡಿಸಲಿನೊಳಗೆ ಹೋಗಿ ಕೂತರು. ಮಗಳು ಬೆಳ್ಳಿಯ ಮೌನ, ಸಾಲದ ಭಾರ, ಸಿಟ್ಟು ಬಂದಾಗ ಅವನು ದುಡಿಯನ್ನು ಬಾರಿಸುವ ಬಗೆ, ಎಲ್ಲವನ್ನೂ ಒಳಗಿನಿಂದ ಕಾಣಿಸಿದರು. ಹೊರಗಿನ ಲೇಖಕರಿಗೆ ಒಳಮನೆ ಕಾಣುವುದಿಲ್ಲ ಎಂಬ ನೆಪ ಅಲ್ಲಿಗೆ ಬಿದ್ದುಹೋಗುತ್ತದೆ. ಹಾರ್ಪರ್ ಲೀ ಮಗುವಿನ ದೃಷ್ಟಿಯನ್ನು ಆರಿಸಿಕೊಂಡರು, ಅದರಿಂದ ಮೇಕೋಂಬ್ ಎಂಬ ಊರು ನಮಗೆ ಸಿಕ್ಕಿತು. ಅದಕ್ಕೆ ಅವರು ತೆತ್ತ ಬೆಲೆ ಟಾಮ್.

ಉತ್ತರ 2: ಕೋಲಾರ ಕೋರ್ಟ್ ರಸ್ತೆ

ಮೇಷ್ಟ್ರ ಮಾತಿಗೆ ವಕೀಲನಾಗಿ ನನ್ನದೊಂದು ತಕರಾರಿದೆ. ಟಾಮ್ ಕಡಿಮೆ ಕಾಣುತ್ತಾನೆ ಎನ್ನುವವರು ಹತ್ತೊಂಬತ್ತನೆಯ ಅಧ್ಯಾಯವನ್ನು, ಅಂದರೆ ಅವನ ಸಾಕ್ಷ್ಯವನ್ನು, ಇನ್ನೊಮ್ಮೆ ನಿಧಾನವಾಗಿ ಓದಬೇಕು.

ಸಾಕ್ಷ್ಯದ ಸ್ಥಿತಿಯನ್ನು ಮೊದಲು ನೋಡೋಣ. ಮೇಯೆಲ್ಲಾಳನ್ನು ಪರೀಕ್ಷಿಸಲು ವೈದ್ಯರನ್ನು ಕರೆಸಿಯೇ ಇಲ್ಲ. ಪೆಟ್ಟು ಬಿದ್ದಿರುವುದು ಅವಳ ಮುಖದ ಬಲಭಾಗಕ್ಕೆ ಎಂದು ಶೆರಿಫ್ ಹೆಕ್ ಟೇಟ್ ಹೇಳುತ್ತಾನೆ, ಎದುರು ನಿಂತು ಹೊಡೆದವನು ಎಡಚನಿರಬೇಕು. ಅವಳ ತಂದೆ ಬಾಬ್ ಯೂವೆಲ್‌ನ ಕೈಗೆ ಆಟಿಕಸ್ ಲಕೋಟೆಯೊಂದನ್ನು ಕೊಟ್ಟು ಹೆಸರು ಬರೆಸುತ್ತಾನೆ. ಅವನು ಎಡಗೈಯಲ್ಲಿ ಬರೆಯುತ್ತಾನೆ. ಟಾಮ್‌ನ ಎಡಗೈ ಹುಡುಗನಾಗಿದ್ದಾಗ ಹತ್ತಿ ಬಿಡಿಸುವ ಯಂತ್ರಕ್ಕೆ ಸಿಕ್ಕಿ, ಬಲಗೈಗಿಂತ ಒಂದು ಅಡಿ ಗಿಡ್ಡವಾಗಿ ಜೋತುಬಿದ್ದಿದೆ. ಪ್ರಮಾಣ ಮಾಡುವಾಗ ಅವನು ಬಲಗೈಯಿಂದ ಎಡಗೈಯನ್ನು ಎತ್ತಿ ಬೈಬಲ್ಲಿನ ಮೇಲೆ ಇಡುತ್ತಾನೆ. ಬಲಗೈ ಮೇಲೆತ್ತಿದ ಕೂಡಲೇ ಎಡಗೈ ಜಾರಿ ಮೇಜಿಗೆ ಬಡಿಯುತ್ತದೆ. ಪ್ರಕರಣ ಅಲ್ಲಿಗೇ ಮುಗಿಯಬೇಕಿತ್ತು.

ಮುಗಿಯಲಿಲ್ಲ, ಏಕೆಂದರೆ ತೀರ್ಪು ಕೊಡುವವರು ಹನ್ನೆರಡು ಮಂದಿ ಬಿಳಿಯ ಗಂಡಸರು. ನಮ್ಮಲ್ಲಿ 1973ರ ದಂಡ ಪ್ರಕ್ರಿಯಾ ಸಂಹಿತೆಯ ನಂತರ ಜ್ಯೂರಿ ಪದ್ಧತಿಗೆ ಜಾಗವಿಲ್ಲವಾದ್ದರಿಂದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ. ಅಲಬಾಮಾದಲ್ಲಿ ಕಪ್ಪು ಜನರನ್ನು ಜ್ಯೂರಿ ಪಟ್ಟಿಯಿಂದ ವ್ಯವಸ್ಥಿತವಾಗಿ ದೂರವಿಡುತ್ತಿದ್ದುದು ಸಂವಿಧಾನಕ್ಕೆ ವಿರುದ್ಧವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1935ರಲ್ಲಿ ತೀರ್ಪು ಕೊಟ್ಟಿತು. ಅದು ಸ್ಕಾಟ್ಸ್‌ಬರೋ ಪ್ರಕರಣದ ಒಂದು ಭಾಗ. 1931ರಲ್ಲಿ ಒಂಬತ್ತು ಮಂದಿ ಕಪ್ಪು ಹುಡುಗರ ಮೇಲೆ ಇಬ್ಬರು ಬಿಳಿಯ ಯುವತಿಯರು ರೈಲಿನಲ್ಲಿ ಅತ್ಯಾಚಾರವೆಂದು ಆರೋಪಿಸಿದ ಆ ಪ್ರಕರಣದಲ್ಲಿ, ಯುವತಿಯರಲ್ಲಿ ಒಬ್ಬಳು 1933ರಲ್ಲಿ ತನ್ನ ಹೇಳಿಕೆಯನ್ನೇ ಹಿಂತೆಗೆದುಕೊಂಡರೂ ಹುಡುಗರಿಗೆ ಆಗ ಬಿಡುಗಡೆ ಸಿಗಲಿಲ್ಲ. ಮಹಿಳೆಯರಂತೂ ಆ ರಾಜ್ಯದ ಜ್ಯೂರಿಯಲ್ಲಿ ಕೂರುವುದಕ್ಕೆ 1960ರ ದಶಕದವರೆಗೆ ಕಾಯಬೇಕಾಯಿತು. ಹೀಗಿರುವಾಗ ಮೇಕೋಂಬ್‌ನ ಜ್ಯೂರಿ ಕೆಲವು ಗಂಟೆ ಕಾಲವಾದರೂ ಒಳಗೆ ಚರ್ಚಿಸಿತೆಂಬುದೇ ಆಟಿಕಸ್‌ನ ಪಾಲಿಗೆ ದೊಡ್ಡ ಮಾತಾಗಿಬಿಡುತ್ತದೆ.

ಈಗ ಟಾಮ್‌ನ ಮಾತಿಗೆ ಬರುತ್ತೇನೆ. ಯೂವೆಲ್ ಮನೆಯ ಮುಂದೆ ಹಾದುಹೋಗುವಾಗಲೆಲ್ಲ ಆ ಹುಡುಗಿಗೆ ಸೌದೆ ಒಡೆದು, ನೀರು ತಂದು ಕೊಡುತ್ತಿದ್ದೆ, ಹಣ ತೆಗೆದುಕೊಳ್ಳುತ್ತಿರಲಿಲ್ಲ ಎಂದು ಅವನು ಹೇಳುತ್ತಾನೆ. ಸರ್ಕಾರಿ ವಕೀಲ ಗಿಲ್ಮರ್ ಬಿಡದೆ ಕೆದಕುತ್ತಾನೆ: ಪುಕ್ಕಟೆಯಾಗಿ ಇಷ್ಟೆಲ್ಲ ಮಾಡಿದ್ದು ಯಾಕೆ? ಟಾಮ್ ಬಾಯಿಂದ ಸತ್ಯ ಬಂದುಬಿಡುತ್ತದೆ, ಅವಳನ್ನು ಕಂಡು ಪಾಪ ಅನ್ನಿಸಿತು ಎಂದು. ಆ ಕ್ಷಣದಲ್ಲಿ ಕೆಳಗೆ ಕುಳಿತ ಬಿಳಿಯರ ಮುಖ ಬಿಗಿಯುತ್ತದೆ, ತಾನು ಏನು ಹೇಳಿಬಿಟ್ಟೆನೆಂದು ಟಾಮ್‌ಗೂ ಅರ್ಥವಾಗುತ್ತದೆ. ನಮ್ಮ ಕಡೆಯ ಹಳ್ಳಿಯೊಂದರಲ್ಲಿ, ಜೀತಕ್ಕಿದ್ದ ಆಳೊಬ್ಬ ನ್ಯಾಯಪಂಚಾಯ್ತಿಯ ಮುಂದೆ ನಿಂತು, ಧಣಿಗಳ ಮನೆಯ ಹೆಣ್ಣುಮಗಳನ್ನು ಕಂಡು ನನಗೆ ಪಾಪ ಅನ್ನಿಸಿತು ಸ್ವಾಮಿ ಎಂದಿದ್ದರೆ ಏನಾಗುತ್ತಿತ್ತೆಂದು ನಿಮ್ಮ ಮಕ್ಕಳನ್ನೇ ಕೇಳಿ ನೋಡಿ. ಕನಿಕರ ಪಡುವ ಅಧಿಕಾರ ಮೇಲಿನವರದ್ದು ಎಂಬ ಕಟ್ಟಳೆಯನ್ನು ಟಾಮ್ ಮುರಿದ. ಯೂವೆಲ್‌ಗಳು ಆ ಊರಿನಲ್ಲೇ ಅತ್ಯಂತ ಹೀನಸ್ಥಿತಿಯ ಬಿಳಿಯರು. ಅವರಿಗೆ ಉಳಿದಿದ್ದ ಒಂದೇ ಆಸ್ತಿ ಚರ್ಮದ ಬಣ್ಣ. ಟಾಮ್‌ನ ಆ ಮಾತು ಅದನ್ನೂ ಕಿತ್ತುಕೊಂಡಂತಾಯಿತು.

ಆದ್ದರಿಂದ ಟಾಮ್‌ಗೆ ಒಳಮನಸ್ಸೇ ಇಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಇಡೀ ವಿಚಾರಣೆಯಲ್ಲಿ ಯಾರ ಕಲಿಸುವಿಕೆಯೂ ಇಲ್ಲದೆ ಎದೆಯಿಂದ ಬಂದ ಮಾತು ಅದೊಂದೇ.

ಇನ್ನೊಂದು ಮಾತನ್ನು ಚಿಂತಾಮಣಿಯವರಿಗೆ ನಾನು ಹೇಳಬೇಕಾದ್ದಿಲ್ಲ. ನಿಮ್ಮ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಜೀವಂತವಾಗಿ ಸುಟ್ಟರು. ಸಾಕ್ಷಿಗಳು ಪ್ರತಿಕೂಲವಾಗಿ ನುಡಿದರು, 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಮೇಕೋಂಬ್‌ನಲ್ಲಿ ನಿರಪರಾಧಿಗೆ ಶಿಕ್ಷೆಯಾಯಿತು, ಇಲ್ಲಿ ಏಳು ಸಾವುಗಳಿಗೆ ಯಾರಿಗೂ ಶಿಕ್ಷೆಯಾಗಲಿಲ್ಲ. ಎರಡೂ ಒಂದೇ ಎನ್ನಲಾಗದು. ಆದರೆ ಕಟಕಟೆಯಲ್ಲಿ ನಿಂತು ನಿಜ ಹೇಳುವವನು ಆಮೇಲೆ ಅದೇ ಊರಿಗೆ ಮರಳಿ ಬದುಕಬೇಕು ಎಂಬ ಸಂಗತಿ ಎರಡೂ ಕಡೆ ಕೆಲಸ ಮಾಡುತ್ತದೆ.

ಉತ್ತರ 3: ಮಧುಗಿರಿ ಓದುಗಿ

ವಕೀಲರು ಮೇಯೆಲ್ಲಾಳನ್ನು ಬೇಗನೆ ದಾಟಿಬಿಟ್ಟರು. ಟಾಮ್‌ನನ್ನು ಅರ್ಥ ಮಾಡಿಕೊಳ್ಳುವುದಕ್ಕೆ ಅವಳ ಮುಂದೆ ಸ್ವಲ್ಪ ಹೊತ್ತು ನಿಲ್ಲಲೇಬೇಕು.

ಹತ್ತೊಂಬತ್ತು ವರ್ಷದ ಹುಡುಗಿ, ತಾಯಿ ಇಲ್ಲ, ಕುಡುಕ ತಂದೆ, ಬೆನ್ನಿಗೆ ಏಳು ಮಂದಿ ತಮ್ಮ ತಂಗಿಯರು, ಮನೆಯ ಪಕ್ಕದಲ್ಲೇ ಊರಿನ ಕಸದ ರಾಶಿ. ಆ ಗಲೀಜಿನ ಅಂಗಳದ ಒಂದು ಮೂಲೆಯಲ್ಲಿ, ಎನಾಮೆಲ್ ಕಿತ್ತುಹೋದ ಹಳೆಯ ಪಾತ್ರೆಗಳಲ್ಲಿ ಕೆಂಪು ಜೆರೇನಿಯಂ ಗಿಡಗಳನ್ನು ಅವಳು ಜೋಪಾನವಾಗಿ ಬೆಳೆಸಿದ್ದಾಳೆ. ನ್ಯಾಯಾಲಯದಲ್ಲಿ ಆಟಿಕಸ್ ‘ಮಿಸ್ ಮೇಯೆಲ್ಲಾ’ ಎಂದು ಮರ್ಯಾದೆಯಿಂದ ಕರೆದಾಗ, ತನ್ನನ್ನು ಅಣಕಿಸುತ್ತಿದ್ದಾನೆಂದು ಅವಳು ನ್ಯಾಯಾಧೀಶರಿಗೆ ದೂರು ಹೇಳುತ್ತಾಳೆ. ಬಹುವಚನದ ಮರ್ಯಾದೆ ಜೀವಮಾನದಲ್ಲಿ ಕೇಳಿಯೇ ಗೊತ್ತಿಲ್ಲದವಳು. ನಿನ್ನ ಸ್ನೇಹಿತರು ಯಾರು ಎಂದರೆ ಆ ಪ್ರಶ್ನೆಯೇ ಅವಳಿಗೆ ಅರ್ಥವಾಗುವುದಿಲ್ಲ. ಒಂದು ವರ್ಷ ಚಿಲ್ಲರೆ ಕೂಡಿಟ್ಟು, ಏಳು ಮಕ್ಕಳನ್ನೂ ಐಸ್‌ಕ್ರೀಮ್ ತಿನ್ನಲು ಪೇಟೆಗೆ ಕಳಿಸಿ, ಮನೆ ಖಾಲಿ ಮಾಡಿಕೊಂಡು, ತನ್ನೊಡನೆ ಸೌಜನ್ಯದಿಂದ ನಡೆದುಕೊಂಡ ಒಬ್ಬನೇ ಮನುಷ್ಯನನ್ನು ಅವಳು ಒಳಗೆ ಕರೆದಳು. ತಂದೆ ಕಿಟಕಿಯಿಂದ ನೋಡಿದ. ಆಮೇಲೆ ಅವಳು ಮಾಡಿದ್ದು ಕ್ಷಮೆಗೆ ಅರ್ಹವಲ್ಲ. ತನ್ನ ಬೆನ್ನು ಉಳಿಸಿಕೊಳ್ಳಲು ಇನ್ನೊಬ್ಬನ ಕುತ್ತಿಗೆ ಕೊಟ್ಟಳು. ಆದರೂ ಹಾರ್ಪರ್ ಲೀ ಅವಳಿಗೆ ಹೂವಿನ ಗಿಡಗಳನ್ನು ಕೊಟ್ಟಿದ್ದಾರೆ. ಟಾಮ್‌ಗೆ ಒಂದು ಗಿಡವೂ ಇಲ್ಲ. ವಿದ್ಯಾರ್ಥಿನಿಯ ಪ್ರಶ್ನೆ ಎಷ್ಟು ಆಳಕ್ಕೆ ಇಳಿದಿದೆಯೆಂದರೆ, ಆರೋಪ ಮಾಡಿದವಳ ಅಂಗಳವನ್ನು ಕೂಡ ನಾವು ನೋಡಿದ್ದೇವೆ.

ಈಗ ಅವಳ ಪ್ರಶ್ನೆಗೆ ನೇರ ಉತ್ತರ. ಟಾಮ್‌ನ ಮನೆ ಕಾದಂಬರಿಯಲ್ಲಿ ಒಮ್ಮೆ ಬರುತ್ತದೆ, ಆದರೆ ಅವನು ಸತ್ತ ಮೇಲೆ. ಇಪ್ಪತ್ತೈದನೆಯ ಅಧ್ಯಾಯದಲ್ಲಿ ಆಟಿಕಸ್ ಸಾವಿನ ಸುದ್ದಿ ಹೇಳಲು ಕ್ಯಾಲ್ಪರ್ನಿಯಾಳೊಂದಿಗೆ ಕಾರಿನಲ್ಲಿ ಹೋಗುವಾಗ ಜೆಮ್ ಮತ್ತು ಡಿಲ್ ದಾರಿಯಲ್ಲಿ ಸಿಕ್ಕಿ ಹತ್ತಿಕೊಳ್ಳುತ್ತಾರೆ. ಅಂಗಳದಲ್ಲಿ ಹುಡುಗರು ಗೋಲಿ ಆಡುತ್ತಿರುತ್ತಾರೆ. ಬಾಗಿಲಿಗೆ ಒಂದು ಪುಟ್ಟ ಹೆಣ್ಣುಮಗು ಬರುತ್ತದೆ, ತಲೆ ತುಂಬ ಸಣ್ಣ ಸಣ್ಣ ಜಡೆಗಳು, ಪ್ರತಿ ಜಡೆಯ ತುದಿಗೂ ಬಣ್ಣದ ರಿಬ್ಬನ್. ಮೆಟ್ಟಿಲು ಇಳಿಯಲು ಅದಕ್ಕೆ ಬರದು. ಆಟಿಕಸ್ ಬೆರಳು ಕೊಟ್ಟು ಇಳಿಸುತ್ತಾನೆ. ಅವನ ಮುಖ ನೋಡಿದ ಹೆಲೆನ್, ಅವನು ಬಾಯಿ ತೆರೆಯುವ ಮೊದಲೇ ನೆಲಕ್ಕೆ ಕುಸಿಯುತ್ತಾಳೆ, ದೈತ್ಯನೊಬ್ಬ ಇರುವೆಯನ್ನು ಕಾಲಲ್ಲಿ ಒತ್ತಿದ ಹಾಗೆ ಎಂದು ಡಿಲ್ ಹೇಳುತ್ತಾನೆ. ಇಷ್ಟನ್ನೂ ಸ್ಕೌಟ್ ಕಂಡಿಲ್ಲ. ಡಿಲ್ ಹೇಳಿದ್ದನ್ನು ಅವಳು ನಮಗೆ ಹೇಳುತ್ತಿದ್ದಾಳೆ.

ಮಗುವಿನ ಕಣ್ಣು ಅಲ್ಲಿಗೆ ಹೋಗುತ್ತಿರಲಿಲ್ಲ ಎಂದು ಮೇಷ್ಟ್ರು ಹೇಳಿದರಲ್ಲ, ಅದು ಪೂರ್ತಿ ನಿಜವಲ್ಲ. ಕ್ಯಾಲ್ಪರ್ನಿಯಾ ಮಕ್ಕಳನ್ನು ತನ್ನ ಚರ್ಚಿಗೆ ಕರೆದುಕೊಂಡು ಹೋಗುತ್ತಾಳೆ. ಹಾಡಿನ ಪುಸ್ತಕಗಳಿಲ್ಲದ ಆ ಚರ್ಚಿನಲ್ಲಿ ಅವಳ ಮಗ ಜೀಬೊ ಒಂದೊಂದೇ ಸಾಲನ್ನು ಹೇಳಿಕೊಡುತ್ತಾನೆ, ಜನ ಅದನ್ನು ಎತ್ತಿಕೊಂಡು ಹಾಡುತ್ತಾರೆ; ನಮ್ಮ ಭಜನೆಗಳಲ್ಲಿ ನಡೆಯುವುದೂ ಹೀಗೆಯೇ. ಗಂಡ ಜೈಲಿನಲ್ಲಿರುವ ಕಾರಣ ಹೆಲೆನ್‌ಗೆ ಯಾರೂ ಕೆಲಸ ಕೊಡುತ್ತಿಲ್ಲವೆಂದು, ಹತ್ತು ಡಾಲರ್ ಸೇರುವವರೆಗೆ ಪಾದ್ರಿ ಸೈಕ್ಸ್ ಬಾಗಿಲು ಮುಚ್ಚಿಸಿ ವಂತಿಗೆ ಎತ್ತುತ್ತಾರೆ. ಅಂದು ದಾರಿಯಲ್ಲಿ ಸ್ಕೌಟ್ ಕೇಳುತ್ತಾಳೆ, ನಾನು ನಿಮ್ಮ ಮನೆಗೆ ಬರಬಹುದೇ ಎಂದು. ಧಾರಾಳವಾಗಿ ಬಾ ಎನ್ನುತ್ತಾಳೆ ಕ್ಯಾಲ್ಪರ್ನಿಯಾ. ಮುಂದೆ ಈ ವಿಷಯ ಬಾಯಿಗೆ ಬಂದಾಗ, ಮನೆಗೆ ಬಂದು ಕೂತಿರುವ ಸೋದರತ್ತೆ ಅಲೆಕ್ಸಾಂಡ್ರಾ ಖಡಾಖಂಡಿತವಾಗಿ ಬೇಡವೆನ್ನುತ್ತಾಳೆ. ಬಾಗಿಲು ತೆರೆದಿತ್ತು, ಮಗು ಹೋಗಲು ಸಿದ್ಧವಿತ್ತು, ಮುಚ್ಚಿದವರು ದೊಡ್ಡವರು. ಯಾರ ಮನೆಗೆ ಹೋಗಬಹುದು, ಯಾರ ಮನೆಯಲ್ಲಿ ನೀರು ಕುಡಿಯಬಾರದು ಎಂಬುದನ್ನು ನಮಗೆಲ್ಲ ಹೇಳಿಕೊಟ್ಟವರೂ ಇಂಥ ಅತ್ತೆಯರೇ ಅಲ್ಲವೇ. ಟಾಮ್‌ನ ಮನೆ ನಮಗೆ ಕಾಣದಿರುವುದಕ್ಕೆ ಕಾರಣ ಕಾದಂಬರಿಯ ಒಳಗೇ ಇದೆ, ಹೆಸರು ಮುಖ ಎರಡನ್ನೂ ಹೊತ್ತುಕೊಂಡು.

ಉತ್ತರ 4: ಬಂಗಾರಪೇಟೆ ಸಂಶೋಧಕ

ಮೇಲಿನ ಮೂರೂ ಉತ್ತರಗಳು ಕಾದಂಬರಿಗೆ ವಕಾಲತ್ತು ವಹಿಸುತ್ತಿವೆ. ನಾನು ಎದುರು ಪಕ್ಷದಲ್ಲಿ ನಿಲ್ಲುತ್ತೇನೆ.

ಮಾಕಿಂಗ್‌ಬರ್ಡ್ ಯಾರಿಗೂ ತೊಂದರೆ ಕೊಡದೆ ಹಾಡುವ ಹಕ್ಕಿ, ಆದ್ದರಿಂದ ಅದನ್ನು ಕೊಲ್ಲುವುದು ಪಾಪ ಎಂಬುದು ಕಾದಂಬರಿಯ ನಡುಗಂಬ. ಟಾಮ್ ಸತ್ತಾಗ ಪತ್ರಿಕೆಯ ಸಂಪಾದಕ ಅಂಡರ್‌ವುಡ್ ಕೂಡ ಅದನ್ನು ಹಾಡುಹಕ್ಕಿಗಳ ಅರ್ಥಹೀನ ಬೇಟೆಗೆ ಹೋಲಿಸಿ ಬರೆಯುತ್ತಾನೆ. ನನ್ನ ಆಕ್ಷೇಪ ಇರುವುದು ಇಲ್ಲಿಯೇ. ಟಾಮ್ ಸಾಧುವಾಗಿದ್ದುದರಿಂದಲೇ ಅವನಿಗೆ ಆದದ್ದು ಅನ್ಯಾಯವೇ? ಅವನು ಸಿಡುಕನಾಗಿದ್ದರೆ, ಯೂವೆಲ್‌ಗೆ ಎದುರುತ್ತರ ಕೊಡುವವನಾಗಿದ್ದರೆ, ಮೇಯೆಲ್ಲಾಳನ್ನು ಇಷ್ಟಪಟ್ಟೇ ಇದ್ದಿದ್ದರೆ, ಆಗ ಓದುಗರ ಕಣ್ಣೀರಿನ ಮಟ್ಟ ಎಷ್ಟು ಇಳಿಯುತ್ತಿತ್ತು? ದೇವನೂರ ಮಹಾದೇವರ ‘ಕುಸುಮಬಾಲೆ’ಯ ಚೆನ್ನ ಮೇಲ್ಜಾತಿಯ ಹೆಣ್ಣನ್ನು ಪ್ರೀತಿಸಿಯೇ ಸತ್ತವನು, ಅವನ ಸಾವು ಅನ್ಯಾಯವೆನ್ನಿಸಲು ಅವನು ಹಕ್ಕಿಯಾಗಬೇಕಾಗಿ ಬರಲಿಲ್ಲ. ‘ಒಡಲಾಳ’ದ ಸಾಕವ್ವನ ಮನೆಮಂದಿ ಕದ್ದು ತಂದ ಕಡಲೆಕಾಯಿಯನ್ನು ರಾತ್ರಿಯೆಲ್ಲ ಕೂತು ತಿಂದು ಮುಗಿಸುತ್ತಾರೆ. ಪೊಲೀಸರು ಬಂದಾಗ ನಾವು ಯಾರ ಪಕ್ಷ? ಕದ್ದವರದ್ದೇ. ಸಾಕವ್ವ ಬೈಯುತ್ತಾಳೆ, ಜಗಳವಾಡುತ್ತಾಳೆ, ಕಳೆದುಹೋದ ಹುಂಜಕ್ಕಾಗಿ ಊರೆಲ್ಲ ಅಲೆಯುತ್ತಾಳೆ. ಅವಳ ಮನೆಯ ಗೋಡೆ, ಒಲೆ, ಹಸಿವು, ನಗು, ಯಾವುದನ್ನೂ ನಾವು ಇನ್ನೊಬ್ಬರ ಬಾಯಿಂದ ಕೇಳಬೇಕಿಲ್ಲ.

ಮೇಕೋಂಬ್‌ನ ಕಪ್ಪು ಜನರು ಕಾದಂಬರಿಯಲ್ಲಿ ಮಾಡುವ ಕೆಲಸವೇನು ನೋಡಿ. ತೀರ್ಪಿನ ನಂತರ ಆಟಿಕಸ್ ಹೊರನಡೆಯುವಾಗ ಮಹಡಿಯ ಮೇಲಿದ್ದವರೆಲ್ಲ ಎದ್ದು ನಿಲ್ಲುತ್ತಾರೆ, ಸ್ಕೌಟ್‌ಗೂ ಎದ್ದು ನಿಲ್ಲಲು ಪಾದ್ರಿ ಹೇಳುತ್ತಾರೆ. ಮರುದಿನ ಬೆಳಿಗ್ಗೆ ಅವನ ಹಿತ್ತಿಲ ಮೆಟ್ಟಿಲ ಮೇಲೆ ಕೋಳಿ, ಟೊಮ್ಯಾಟೊ, ಉಪ್ಪು ಹಾಕಿದ ಹಂದಿಮಾಂಸ ತಂದಿಡುತ್ತಾರೆ. ಕೇಸು ಸೋತ ರಾತ್ರಿ ಅವರು ತಮ್ಮ ತಮ್ಮ ಮನೆಗಳಲ್ಲಿ ಏನು ಮಾತಾಡಿಕೊಂಡರು? ಯಾರಿಗೂ ಸಿಟ್ಟು ಬರಲಿಲ್ಲವೇ? ಚರ್ಚಿನ ಬಾಗಿಲಲ್ಲಿ ಬಿಳಿಯ ಮಕ್ಕಳನ್ನು ಇಲ್ಲಿಗೇಕೆ ಕರೆತಂದೆ ಎಂದು ಕ್ಯಾಲ್ಪರ್ನಿಯಾಳನ್ನು ಪ್ರಶ್ನಿಸುವ ಲೂಲಾ ಎಂಬವಳೊಬ್ಬಳಿದ್ದಾಳೆ. ಇಡೀ ಪುಸ್ತಕದಲ್ಲಿ ಸಿಟ್ಟಿನಿಂದ ಮಾತಾಡುವ ಕಪ್ಪು ಪಾತ್ರ ಅವಳು. ಕಥೆ ಅವಳನ್ನು ಜಗಳಗಂಟಿ ಎಂದು ಬದಿಗೆ ಸರಿಸಿ ಮುಂದೆ ಹೋಗುತ್ತದೆ. ಲೂಲಾಳ ಮಾತಿನಲ್ಲಿ ಈ ಕಥೆ ಕೇಳಬೇಕೆಂದು ನನ್ನ ಆಸೆ.

ಉತ್ತರ 5: ಕೋಲಾರ ಕೋರ್ಟ್ ರಸ್ತೆ

ಬಂಗಾರಪೇಟೆಯವರ ವಾದದಲ್ಲಿ ಲೂಲಾಳ ಬಗೆಗಿನ ಮಾತು ಪೂರ್ತಿ ಸರಿ, ಅದಕ್ಕೆ ನನ್ನ ಬಳಿ ಪ್ರತ್ಯುತ್ತರವಿಲ್ಲ. ಆದರೆ ಟಾಮ್ ಕೊನೆಯವರೆಗೂ ಸಾಧು ಹಕ್ಕಿಯಾಗಿಯೇ ಉಳಿದ ಎನ್ನುವುದಕ್ಕೆ ಕಾದಂಬರಿಯಲ್ಲೇ ವಿರುದ್ಧ ಸಾಕ್ಷ್ಯವಿದೆ.

ಮೇಲ್ಮನವಿಯಲ್ಲಿ ಗೆಲ್ಲುವ ಸಾಧ್ಯತೆ ಚೆನ್ನಾಗಿದೆಯೆಂದು ಆಟಿಕಸ್ ಅವನಿಗೆ ಹೇಳಿರುತ್ತಾನೆ. ಟಾಮ್ ಅದನ್ನು ಕೇಳಿಸಿಕೊಂಡು, ಹಗಲು ಹೊತ್ತಿನಲ್ಲಿ, ಕೈದಿಗಳ ವ್ಯಾಯಾಮದ ಸಮಯದಲ್ಲಿ, ಎಲ್ಲ ಕಾವಲುಗಾರರ ಕಣ್ಣೆದುರಿಗೆ, ಒಂದೇ ಕೈಯಿರುವವನು ಬೇಲಿಯತ್ತ ಓಡಿ ಹತ್ತಲು ತೊಡಗುತ್ತಾನೆ. ಹದಿನೇಳು ಗುಂಡುಗಳು. ಅಷ್ಟೊಂದು ಹೊಡೆಯಬೇಕಿರಲಿಲ್ಲ ಎಂದು ಆಟಿಕಸ್ ಹೇಳುತ್ತಾನೆ. ಜೊತೆಗೆ, ಬಿಳಿಯರು ಕೊಡುವ ಅವಕಾಶಗಳು ಟಾಮ್‌ಗೆ ಸಾಕಾಗಿದ್ದವು, ತನ್ನದೇ ದಾರಿ ನೋಡಿಕೊಂಡ ಎಂಬರ್ಥದ ಮಾತನ್ನೂ ಆಡುತ್ತಾನೆ. ಊರಿನ ಜನ ಅದನ್ನು, ಕರಿಯರೆಂದರೆ ಹೀಗೆಯೇ, ಮುಂದಾಲೋಚನೆ ಇಲ್ಲದವರು ಎಂದು ಎರಡು ದಿನ ಮಾತಾಡಿ ಮರೆಯುತ್ತಾರೆ. ನಾನು ಅದನ್ನು ಟಾಮ್‌ನ ಎರಡನೆಯ ಸಾಕ್ಷ್ಯವೆಂದು ಓದುತ್ತೇನೆ. ಕಾನೂನಿನ ಮೇಲೆ ಆಟಿಕಸ್‌ಗೆ ಇದ್ದ ನಂಬಿಕೆ ತನಗಿಲ್ಲವೆಂದು ಅವನು ತನ್ನ ವಕೀಲನಿಗೇ ತಿಳಿಸಿದ. ಒಂದು ದಿನ ನ್ಯಾಯ ಸಿಕ್ಕೀತು ಎಂದು ಕಕ್ಷಿದಾರನಿಗೆ ಹೇಳುವುದು ನನ್ನ ವೃತ್ತಿ. ಈ ಪ್ರಸಂಗ ಓದುವಾಗಲೆಲ್ಲ ನನಗೆ ಇರುಸುಮುರುಸಾಗುತ್ತದೆ, ಆದ್ದರಿಂದಲೇ ಪಾತ್ರ ಗಟ್ಟಿಯಾಗಿದೆ ಎಂದು ನನಗನ್ನಿಸುತ್ತದೆ.

ಓಟವನ್ನು ಯಾರೂ ನೋಡಿದಂತೆ ಲೇಖಕಿ ಬರೆದಿಲ್ಲ, ಅದೂ ವರದಿಯೇ. ಅಲ್ಲಿ ಮಾತ್ರ ನಾನು ಬಂಗಾರಪೇಟೆಯವರ ಪಕ್ಕಕ್ಕೆ ಬಂದು ನಿಲ್ಲುತ್ತೇನೆ.

ಮರುಪ್ರಶ್ನೆ: ಚಿಂತಾಮಣಿ ಟೀಚರ್

ಎಲ್ಲರಿಗೂ ಕೃತಜ್ಞತೆಗಳು. ಮುಂದಿನ ಶನಿವಾರ ಇಪ್ಪತ್ತೈದನೆಯ ಅಧ್ಯಾಯದ ಆ ರಿಬ್ಬನ್ ಕಟ್ಟಿದ ಮಗುವಿನ ಪುಟವನ್ನು ವಿದ್ಯಾರ್ಥಿನಿಯಿಂದಲೇ ಓದಿಸುತ್ತೇನೆ. ಆಮೇಲೆ ಮಕ್ಕಳು ಒಬ್ಬೊಬ್ಬರೂ ಲೂಲಾ ಅಥವಾ ಹೆಲೆನ್ ಆಗಿ, ತೀರ್ಪಿನ ರಾತ್ರಿಯ ಬಗ್ಗೆ ಕನ್ನಡದಲ್ಲಿ ಒಂದು ಪುಟ ಬರೆಯಲಿ ಎಂದಿದ್ದೇನೆ. ‘ಒಡಲಾಳ’ದ ಭಾಷೆ ನಮ್ಮ ಕಡೆಯದಲ್ಲವಾದರೂ ಅದನ್ನು ಜೋರಾಗಿ ಓದಿ ಹೇಳಿದರೆ ಮಕ್ಕಳು ಹಿಡಿದುಕೊಳ್ಳುತ್ತಾರೆಂಬ ಭರವಸೆಯಿದೆ. ಸಮಯ ಕಡಿಮೆ ಇರುವುದರಿಂದ ಇಪ್ಪತ್ನಾಲ್ಕನೆಯ ಅಧ್ಯಾಯದ ಹೆಂಗಸರ ಚಹಾಕೂಟದ ಭಾಗವನ್ನು ಬಿಟ್ಟುಬಿಡಬಹುದೇ? ಅಲ್ಲಿ ಹೆಸರುಗಳು ಬಹಳ, ಮಕ್ಕಳಿಗೆ ಬೇಸರವಾದೀತು ಎಂಬ ಅಳುಕು.

ಉತ್ತರ 6: ತುಮಕೂರು ಮೇಷ್ಟ್ರು

ಬಿಡಬೇಡಿ. ಆಫ್ರಿಕಾದ ಮ್ರೂನಾ ಎಂಬ ಬುಡಕಟ್ಟಿನವರ ಕಷ್ಟಕ್ಕೆ ಕಣ್ಣೀರಿಡುವ ಅದೇ ಹೆಂಗಸರು, ತೀರ್ಪಿನ ನಂತರ ತಮ್ಮ ಅಡುಗೆಯವರು ಮುಖ ಸಿಂಡರಿಸಿಕೊಂಡಿದ್ದಾರೆಂದು ಗೊಣಗುವುದು ಅಲ್ಲಿಯೇ. ಬಂಗಾರಪೇಟೆಯವರು ಹುಡುಕುತ್ತಿರುವ ಸಿಟ್ಟು ಆ ಗೊಣಗಾಟದ ಹಿಂದೆ ಇದೆ. ಅಡುಗೆಮನೆಯಲ್ಲಿದೆ, ಹಜಾರಕ್ಕೆ ಬಂದಿಲ್ಲ. ಆಟಿಕಸ್ ಒಳಬಂದು ಟಾಮ್‌ನ ಸಾವಿನ ಸುದ್ದಿ ಹೇಳುವುದೂ ಅದೇ ಅಡುಗೆಮನೆಯಲ್ಲಿ, ಕ್ಯಾಲ್ಪರ್ನಿಯಾಳ ಮುಂದೆ. ಹೆಸರುಗಳು ಹೆಚ್ಚಾದವೆನ್ನಿಸಿದರೆ ಮೆರಿವೆದರ್ ಒಬ್ಬಳನ್ನು ಉಳಿಸಿಕೊಂಡು ಮಿಕ್ಕವರನ್ನು ‘ಇನ್ನೊಬ್ಬ ಹೆಂಗಸು’ ಎಂದು ಹೇಳಿ ಸಾಗಿಸಿ, ಕಥೆಗೆ ಏನೂ ಕೊರತೆಯಾಗದು. ಮಕ್ಕಳು ಬರೆದ ಪುಟಗಳಲ್ಲಿ ಒಂದೆರಡನ್ನು, ಅವರ ಒಪ್ಪಿಗೆ ಪಡೆದು, ಇಲ್ಲಿ ಹಾಕಿ.